ಅಪರೂಪದ ಹಕ್ಕಿ ಕಂಡ್ರೆ ಅವತ್ತೇ ಲೊಕೇಶನ್ ಹಾಕ್ಬೇಡಿ, ಪಾಂಡವಪುರದ ಕಡೆ ಏನಾಯ್ತು ಅಂತ ಓದಿ

ಮೈಸೂರು, ಮಂಡ್ಯ ಕಡೆ ಕ್ಯಾಮೆರಾ ಹಿಡ್ಕೊಂಡು ಹಕ್ಕಿ ನೋಡೋಕೆ ಹೋಗೋರೆಲ್ಲ ಇದನ್ನ ಒಂದ್ಸಲ ಓದಿ, ಹೊಸದಾಗಿ ಲೆನ್ಸ್ ತಗೊಂಡಿರೋರಂತೂ ಪೂರ್ತಿ ಓದಿ. ಈ ಚಳಿಗಾಲದಲ್ಲಿ ಪಾಂಡವಪುರದ ಕಡೆ ಒಂದು ಹುಳ್ಳಿ ಹೊಲಕ್ಕೆ ಅಂಟ್ಕೊಂಡಿರೋ ಬೀಳು ಜಾಗದಲ್ಲಿ ಶಾರ್ಟ್ ಇಯರ್ಡ್ ಔಲ್ ಅನ್ನೋ ಅಪರೂಪದ ಗೂಬೆ ಬಂದು ಕೂತಿತ್ತು. ಒಂದು ಭಾನುವಾರ ಬೆಳಗ್ಗೆ ಜನ ಸೇರಿ ಅದನ್ನ ಓಡಿಸಿಬಿಟ್ರು, ಜೊತೆಗೆ ಆ ರೈತರ ಬೆಳೆನೂ ತುಳಿದು ಹಾಕಿದ್ರು. ಊರಿನ ಹೆಸರು ಬರಿಯಲ್ಲ, ಆ ಮನೆಯವ್ರಿಗೆ ಇನ್ನೂ ತೊಂದ್ರೆ ಕೊಡೋದು ಬೇಡ.

ಗೂಬೆ ಅಂದ್ರೆ ಮರದ ಪೊಟರೆ, ಹಾಳು ಮನೆ ನೆನಪಾಗುತ್ತೆ, ಇದು ಹಾಗಲ್ಲ, ನೆಲದ ಮೇಲೇ ಕೂರೋ ಗೂಬೆ. ಏಷ್ಯಾದ ಉತ್ತರ ಭಾಗದಲ್ಲಿ ಮರಿ ಮಾಡಿ ಚಳಿಗಾಲ ಕಳೆಯೋಕೆ ಸಾವಿರಾರು ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತೆ, ಸಂಜೆ ಹೊತ್ತು ಇಳಿತಿದ್ದ ಹಾಗೆ ಹುಲ್ಲಿನ ಮೇಲೆ ತೀರಾ ಕೆಳಗೆ ತೇಲ್ತಾ ತೇಲ್ತಾ ಇಲಿ ಹುಡುಕುತ್ತೆ, ಹಗಲೆಲ್ಲ ಒಣಹುಲ್ಲಿನ ಬುಡದಲ್ಲಿ ಮೈ ಕುಗ್ಗಿಸಿ ಕೂತಿರುತ್ತೆ. ಎದೆ ಮೇಲಿನ ಕಂದು ಗೆರೆ ಒಣಹುಲ್ಲಿನ ಜೊತೆ ಎಷ್ಟು ಸೇರ್ಕೊಳ್ಳುತ್ತೆ ಅಂದ್ರೆ ಆ ಹಳದಿ ಕಣ್ಣು, ಸುತ್ತ ಕಾಡಿಗೆ ಹಚ್ಚಿದ ಹಾಗಿರೋ ಕಪ್ಪು, ಅದು ಕಣ್ಣು ಬಿಟ್ಟಾಗ ಮಾತ್ರ ಅಲ್ಲೊಂದು ಹಕ್ಕಿ ಇದೆ ಅಂತ ಗೊತ್ತಾಗೋದು. ಅದಕ್ಕೆ ಇರೋ ರಕ್ಷಣೆನೇ ಅದು, ಅಲ್ಲಾಡದೆ ಕೂರೋದು. ಹಗಲು ಹೊತ್ತಲ್ಲಿ ಎಬ್ಬಿಸಿದ್ರೆ ಕಾಗೆ, ಹದ್ದು ಎಲ್ಲಾ ಬೆನ್ನು ಹತ್ತುತ್ವೆ.

ಹೊಲದ ಯಜಮಾನ್ರಿಗೆ ಅದು ಬಂದಿರೋದು ಮೊದ್ಲೇ ಗೊತ್ತಿತ್ತು. ನಾನೂ ನನ್ನ ಜೊತೆಯವ್ರೂ ಅವ್ರನ್ನ ಕೇಳ್ಕೊಂಡು ಬದುವಿನ ಮೇಲೆ ನಿಂತು ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದ್ವಿ. ಅವ್ರೇ ಬಂದು ಪಕ್ಕದಲ್ಲಿ ನಿಂತು, "ನೋಡಿ ಸಾ, ಗೂಗೆ ಅಂತ ನಮ್ಮವ್ವ ಮೊದ್ಲು ಅಪಶಕುನ ಅಂದ್ರು, ಆಮೇಲೆ ಇಲಿ ಹಿಡಿಯೋದ್ ನೋಡಿ ಇರ್ಲಿ ಬಿಡಪ್ಪ ಅಂದ್ರು" ಅಂತ ಖುಷಿಯಾಗಿ ಹೇಳಿದ್ರು. ಬೀಳಿಗೆ ದನ ಬಿಡೋದನ್ನೂ ಅವ್ರು ಅಷ್ಟು ದಿನ ನಿಲ್ಲಿಸಿದ್ರು. ಯಾರೂ ಹೇಳಿ ಮಾಡ್ಸಿದ್ದಲ್ಲ ಇದು.

ಲೊಕೇಶನ್ ಹೊರಗೆ ಹೋಗಿದ್ದು ಹೇಗೆ ಅಂದ್ರೆ, ಯಾರೋ ಒಬ್ರು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ರು, ಜಾಗದ ಹೆಸರು ಬರೆದಿರ್ಲಿಲ್ಲ, "ಮಂಡ್ಯ ಜಿಲ್ಲೆ" ಅಂತ ಅಷ್ಟೇ. ಆದ್ರೆ ಫೋಟೋದಲ್ಲಿ ಹುಲ್ಲಿನ ಹಿಂದೆ ಕುಂತಿ ಬೆಟ್ಟದ ಎರಡು ತುದಿ ಎದ್ದು ಕಾಣ್ತಿತ್ತು. ಅದನ್ನ ಗುರ್ತು ಹಿಡಿಯದೆ ಇರೋರು ಈ ಭಾಗದಲ್ಲಿ ಯಾರಿದಾರೆ ಹೇಳಿ? ಎರಡು ತುದಿ ಯಾವ ಕೋನದಲ್ಲಿ ಕಾಣುತ್ತೆ ಅಂತ ನೋಡಿ ಊರು ಯಾವ್ದು ಅಂತ ಕಂಡು ಹಿಡಿಯೋಕೆ ಒಂದು ಸಂಜೆ ಸಾಕು. ಅಲ್ಲಿಂದ ಮ್ಯಾಪ್ ಪಿನ್ ಒಬ್ರಿಂದ ಒಬ್ರಿಗೆ ಹೋಯ್ತು, ಕೊನೆಗೆ ತಲೆಗಿಷ್ಟು ಅಂತ ದುಡ್ಡು ತಗೊಂಡು "ಶೂರ್ ಸೈಟಿಂಗ್", ಅಂದ್ರೆ ಹಕ್ಕಿ ಖಂಡಿತ ತೋರಿಸ್ತೀನಿ ಅನ್ನೋ ಒಬ್ರು ಗೈಡ್ ಕೈಗೂ ಸಿಕ್ತು.

ಭಾನುವಾರ ನಾವು ಹೋಗೋ ಹೊತ್ತಿಗೆ ಬಂಡಿ ದಾರಿ ತುಂಬಾ ಕಾರು. ಕಬ್ಬು ಕಡಿಯೋ ಕಾಲ, ಲೋಡ್ ಆಗಿರೋ ಟ್ರ್ಯಾಕ್ಟರ್ ಹಿಂದಕ್ಕೂ ಹೋಗೋಕಾಗದೆ ಮುಂದಕ್ಕೂ ಬರೋಕಾಗದೆ ನಿಂತಿತ್ತು, ಡ್ರೈವರ್ ಹಾರ್ನ್ ಮೇಲೆ ಹಾರ್ನ್. ಇತ್ತ ಹುಳ್ಳಿ ಹೊಲದೊಳಗೆ ಜನ ಸಾಲಾಗಿ ನಿಂತ್ಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಟ್ಕೊಂಡು ಬೀಳಿನ ಕಡೆಗೆ ನಡಿತಾ ಇದ್ರು, ಮಧ್ಯೆ ಆ ಗೈಡು "ಲೆಫ್ಟ್ ಸೈಡ್ ಕವರ್ ಮಾಡಿ" ಅಂತ ಕೈ ಆಡಿಸ್ತಿದ್ರು. ಕೂತಿರೋ ಫೋಟೋ ಎಲ್ರಿಗೂ ಸಿಕ್ಕಾಗಿತ್ತು. ಫ್ಲೈಟ್ ಶಾಟ್, ಅಂದ್ರೆ ಹಾರೋ ಫೋಟೋ ಬೇಕಿತ್ತು ಅವ್ರಿಗೆ. ಅದು ಏಳ್ಲಿಲ್ಲ ಅಂತ ಒಬ್ರು ಮಣ್ಣಿನ ಹೆಂಟೆ ತಗೊಂಡು ಎಸೆದೇಬಿಟ್ರು. ಎದ್ದಿದ್ದೇ ತಡ ಕ್ಯಾಮೆರಾಗಳ ಸದ್ದು, ಅದು ಒಂದಿಷ್ಟು ದೂರ ಹೋಗಿ ಇಳಿದ್ರೆ ಇವ್ರೂ ಅಲ್ಲಿಗೆ ಓಡೋದು, ಮತ್ತೆ ಎಬ್ಬಿಸೋದು. ನಾವು ಬೇಡ ಅಂತ ಕೂಗಿದ್ರೆ "ನಿಮಗೆ ಸಿಕ್ಕಿದೆ, ನಮಗೆ ಬೇಡ್ವಾ" ಅನ್ನೋ ಉತ್ತರ. ಮೂರನೇ ಸಲ ಎದ್ದಾಗ ಕಾಗೆಗಳು ನೋಡಿಬಿಟ್ವು, ಹಿಂದೇನೇ ಒಂದು ಹದ್ದೂ ಸೇರ್ಕೊಂಡ್ತು. ಗೂಬೆ ಮೇಲೆ ಮೇಲೆ ಸುತ್ತುತ್ತಾ ನಾಲೆ ದಾಟಿ ಹೋಯ್ತು, ಆಮೇಲೆ ಅಲ್ಲಿ ಯಾರಿಗೂ ಕಂಡಿಲ್ಲ.

ಹುಳ್ಳಿ ಒಣಗಿ ಕೀಳೋಕೆ ಬಂದಿತ್ತು. ಆ ಹಂತದಲ್ಲಿ ಕಾಯಿ ಮುಟ್ಟಿದ್ರೆ ಸಾಕು ಸಿಡಿಯುತ್ತೆ, ಇನ್ನು ಶೂ ಕೆಳಗೆ ಸಿಕ್ಕಿದ್ದು ಹೇಗಿರುತ್ತೆ? ನಡೆದ ಕಡೆಯೆಲ್ಲ ಸಿಪ್ಪೆ ಸುರುಳಿ ಸುತ್ಕೊಂಡು ಬಿದ್ದಿತ್ತು, ಕಾಳೆಲ್ಲ ಮಣ್ಣು ಪಾಲು. ಯಜಮಾನ್ರ ಹೆಂಡ್ತಿ ಬಗ್ಗಿ ಒಂದೊಂದೇ ಕಾಳು ಆಯ್ತಾ ಇದ್ರು, ತಲೆ ಎತ್ತಿ ನಮ್ಮನ್ನ ನೋಡ್ಲೂ ಇಲ್ಲ. ಯಜಮಾನ್ರು ಇಷ್ಟೇ ಹೇಳಿದ್ದು, "ನೀವು ಒಳ್ಳೇರೇ ಇರ್ಬೋದು ಸಾ, ಆದ್ರೆ ಇನ್ಮೇಲೆ ಯಾರೂ ಬರ್ಬೇಡಿ." ಮಾರನೇ ದಿನ ದಾರಿಗೆ ಜಾಲಿ ಮುಳ್ಳು ಹಾಕಿದ್ರು. ಅವ್ರು ಮಾಡಿದ್ದು ಸರಿ ಅಂತಲೇ ನಾನು ಹೇಳೋದು.

ಇದರ ನಷ್ಟ ಆ ಒಂದು ಹೊಲಕ್ಕೆ ಮುಗಿಯಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಕಾಯೋಕೆ ಅರಣ್ಯ ಇಲಾಖೆ ಇದೆ, ದೋಣಿ ಎಲ್ಲಿವರೆಗೆ ಹೋಗ್ಬೇಕು ಅಂತ ಹೇಳೋರಿದಾರೆ. ಕೊಕ್ಕರೆ ಬೆಳ್ಳೂರಲ್ಲಿ ಊರವ್ರೇ ಹೆಜ್ಜಾರ್ಲೆಗಳನ್ನ (ಪೆಲಿಕನ್) ಬಾಣಂತನಕ್ಕೆ ಬಂದ ಮಗಳು ಅಂತ ನೋಡ್ಕೋತಾರೆ, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶನೂ ಆಯ್ತು. ಆದ್ರೆ ಚಳಿಗಾಲಕ್ಕೆ ಬರೋ ಸೆಳೆವ ಅನ್ನೋ ಬೇಟೆ ಹಕ್ಕಿ, ಈ ಗೂಬೆ, ಕೆರೆ ಅಂಗಳದಲ್ಲಿ ಮೇಯೋ ಪಟ್ಟೆತಲೆ ಹೆಬ್ಬಾತು, ಇವೆಲ್ಲ ಇರೋದು ಬಹುಪಾಲು ಯಾರದೋ ಗದ್ದೆ, ಯಾರದೋ ಹೊಲದಲ್ಲಿ. ಅಲ್ಲಿ ಕಾವಲು ಅಂದ್ರೆ ಆ ರೈತರ ಒಪ್ಪಿಗೆ ಒಂದೇ. ಜನವರಿಯಲ್ಲಿ ನೀರುಹಕ್ಕಿ ಗಣತಿಗೆ ಹೋದಾಗ್ಲೂ ಅವ್ರ ಬದು ಮೇಲೇ ನಡೆದು ಕೆರೆಗೆ ಇಳೀಬೇಕು, ಈಗ ಆ ಊರಲ್ಲಿ ಬೈನಾಕ್ಯುಲರ್ ಹಾಕ್ಕೊಂಡು ಬರೋರನ್ನೆಲ್ಲ ಒಂದೇ ಥರ ನೋಡ್ತಾರೆ.

ಹಾಗಾಗಿ ಕೇಳ್ಕೊಳ್ಳೋದು, ಅಪರೂಪದ್ದು ಕಂಡ್ರೆ ಫೋಟೋ ತೆಗೀರಿ, ಖುಷಿ ಪಡಿ, ಆದ್ರೆ ಹಕ್ಕಿ ಆ ಜಾಗ ಬಿಟ್ಟು ಹೋಗೋವರೆಗೆ ಹಾಕ್ಬೇಡಿ. ಹಾಕೋ ಮುಂಚೆ ಹಿನ್ನೆಲೆ ನೋಡಿ, ಬೆಟ್ಟ, ಗೋಪುರ, ನೀರಿನ ಟ್ಯಾಂಕು, ಬೋರ್ಡು ಏನಿದ್ರೂ ಕ್ರಾಪ್ ಮಾಡಿ. ಮೊಬೈಲಲ್ಲಿ ತೆಗೆದ ಫೋಟೋ ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಜಿಪಿಎಸ್ ಮಾಹಿತಿನೂ ಜೊತೆಗೇ ಹೋಗುತ್ತೆ, ಕ್ಯಾಮೆರಾ ಆಪ್‌ನಲ್ಲಿ ಲೊಕೇಶನ್ ಆಫ್ ಮಾಡಿಡಿ. ನೋಡಿದ ಹಕ್ಕಿಗಳ ಪಟ್ಟಿ ಹಾಕೋ ವೆಬ್‌ಸೈಟ್ ಇ-ಬರ್ಡ್‌ಗೆ ಹಾಕೋರು ಆ ಪಟ್ಟಿನ ಸದ್ಯಕ್ಕೆ ಹೈಡ್ ಮಾಡಿಡಬಹುದು, ಕೆಲವು ಸೂಕ್ಷ್ಮ ಜಾತಿಗಳ ನಿಖರ ಜಾಗನ ಅವ್ರೇ ಮರೆ ಮಾಡ್ತಾರೆ. ಗೂಬೆ ವಿಷಯದಲ್ಲಂತೂ ಇನ್ನೂ ಹುಷಾರಾಗಿರಿ, ಮಾಟ ಮಂತ್ರಕ್ಕೆ ಅಂತ ಹಿಡಿಯೋರಿದಾರೆ, ದೀಪಾವಳಿ ಹತ್ರ ಬಂದ್ರೆ ಅದು ಜಾಸ್ತಿ. ನೀವು ಕಳಿಸಿದ ಪಿನ್ ಕೊನೆಗೆ ಯಾರ ಫೋನಲ್ಲಿ ನಿಲ್ಲುತ್ತೆ ಅಂತ ನಿಮಗೆ ಗೊತ್ತಾಗಲ್ಲ.

ಕೂತಿರೋ ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡ್ತಿದೆ, ಮೈ ಬಿಗಿ ಮಾಡಿದೆ ಅಂದ್ರೆ ಆಗ್ಲೇ ಹತ್ರ ಬಂದಾಗಿದೆ ಅಂತ, ಅಲ್ಲಿಂದ ಹಿಂದಕ್ಕೆ ಬನ್ನಿ. ಪಕ್ಕದಲ್ಲಿರೋರು ಕಲ್ಲು ಎತ್ತಿದ್ರೆ ಸುಮ್ನಿರ್ಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಪ್ರಾಣಿ, ಹಕ್ಕಿಗಳನ್ನ ಅಟ್ಟೋದು, ಆಮಿಷ ಹಾಕೋದು, ಗೂಡು ಮೊಟ್ಟೆಗೆ ತೊಂದ್ರೆ ಕೊಡೋದು ಎಲ್ಲಾ ಬೇಟೆ ಲೆಕ್ಕಕ್ಕೇ ಬರುತ್ತೆ, ಇದನ್ನ ಹೇಳಿದ್ರೆ ಎಷ್ಟೋ ಜನ ಅಲ್ಲೇ ನಿಲ್ಲಿಸ್ತಾರೆ. ವಿಡಿಯೋ ಮಾಡಿ ಅರಣ್ಯ ಇಲಾಖೆಯವ್ರಿಗೆ ಕೊಡಿ. ನಾವು ಭಾನುವಾರದ ವಿಡಿಯೋ ಕೊಟ್ಟಿದೀವಿ, ಹುಳ್ಳಿ ಲುಕ್ಸಾನಿಗೆ ನಮ್ಮಲ್ಲೇ ದುಡ್ಡು ಸೇರಿಸಿ ಆ ಮನೆಗೆ ತಲುಪಿಸೋ ಕೆಲಸನೂ ನಡೀತಿದೆ.

ಇನ್ನೊಂದು, ಆ ಗೈಡ್ ಕಡೆಯಿಂದ "ವೀಕೆಂಡ್ ಔಲ್ ಪ್ಯಾಕೇಜ್, ಪಾಂಡವಪುರ" ಅನ್ನೋ ಮೆಸೇಜ್ ಇನ್ನೂ ಓಡಾಡ್ತಾ ಇದೆ, ಅಡ್ವಾನ್ಸ್ ಕೇಳ್ತಿದಾರೆ. ಹಕ್ಕಿ ಅಲ್ಲಿಲ್ಲ, ದಾರಿನೂ ಮುಚ್ಚಿದೆ, ದುಡ್ಡು ಕಳಿಸ್ಬೇಡಿ.