ಚಿಕ್ಕಲ್ಲೂರು ಜಾತ್ರೆ: ವೇದಿಕೆಯಿಲ್ಲದ ಹಾಡಿನ ಹಬ್ಬ

ಹಾಡು ಕೇಳಲೆಂದೇ ಚಿಕ್ಕಲ್ಲೂರಿಗೆ ಹೋಗುವ ಪೇಟೆಯವರು ಮೊದಲು ಹುಡುಕುವುದು ಕಾರ್ಯಕ್ರಮದ ಪಟ್ಟಿಯನ್ನು. ಅದು ಸಿಗುವುದಿಲ್ಲ, ಏಕೆಂದರೆ ಇಲ್ಲಿ ಕಲಾವಿದರನ್ನು ಗೊತ್ತುಮಾಡುವ ಸಮಿತಿಯಿಲ್ಲ, ಟಿಕೆಟ್ಟಿಲ್ಲ, ಮುಂದಿನ ಸಾಲಿನ ಕುರ್ಚಿಯೂ ಇಲ್ಲ. ಹಾಡಿಸುವವರು ಒಕ್ಕಲಿನವರು, ಅಂದರೆ ಈ ಗದ್ದುಗೆಗೆ ನಡೆದುಕೊಳ್ಳುವ ಭಕ್ತ ಕುಟುಂಬಗಳವರು. ಮನೆಮಂದಿಯೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಬಂದು ಬಯಲಲ್ಲಿ ಬಿಡಾರ ಹೂಡುತ್ತಾರೆ. ಈ ಪರಂಪರೆಯ ಹಾಡುಗಾರರಾದ ನೀಲಗಾರರನ್ನು ಕರೆದು ಕೂರಿಸಿ, ಕಾಣಿಕೆ ಕೊಟ್ಟು, ಬೆಳಗಿನ ತನಕ ಗುರು ಮಂಟೇಸ್ವಾಮಿ, ಶಿಷ್ಯ ಸಿದ್ದಪ್ಪಾಜಿಯರ ಕತೆ ಕೇಳುತ್ತಾರೆ. ಜಾತ್ರೆಯ ಸೊಗಸು ಇರುವುದೂ ಇದರಲ್ಲೇ, ಹೊಸಬರಿಗೆ ತೊಡಕಾಗುವುದೂ ಇದೇ.

ಚಾಮರಾಜನಗರ ಜಿಲ್ಲೆಯ ಈ ಊರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆಯಿದೆ. ಬನದ ಹುಣ್ಣಿಮೆಗೆ ಶುರುವಾಗುವ ಜಾತ್ರೆ ಐದು ದಿನ ನಡೆಯುತ್ತದೆ. ಹುಣ್ಣಿಮೆ ಸಾಮಾನ್ಯವಾಗಿ ಜನವರಿಯಲ್ಲಿ ಬೀಳುತ್ತದೆ, ತಾರೀಕಿಗೆ ಪಂಚಾಂಗ ನೋಡಿಕೊಳ್ಳಿ. ಮೊದಲ ರಾತ್ರಿ ಚಂದ್ರಮಂಡಲ, ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಕೊನೆಗೆ ಮುತ್ತತ್ತಿರಾಯನ ಸೇವೆ.

ಚಂದ್ರಮಂಡಲವನ್ನು ಕಟ್ಟುವವರು ಸುತ್ತಲ ಊರುಗಳ ಜನ. ಬಿದಿರಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾರೆ. ಕಂಡಾಯಗಳು, ಅಂದರೆ ಈ ಪರಂಪರೆಯವರು ಪೂಜಿಸುವ ಲೋಹದ ಲಾಂಛನಗಳು, ಬಂದು ಸೇರಿ, ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದವರ ಪೂಜೆಯಾದ ಮೇಲೆ ಬೆಂಕಿ ಇಡುವುದು. ಜ್ವಾಲೆ ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ಕಡೆ ಮಳೆಬೆಳೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯಿಂದ ರೈತರು ಅದನ್ನೇ ದಿಟ್ಟಿಸಿ ನೋಡುತ್ತಾರೆ. ಉರಿಯುವ ಮಂಡಲದತ್ತ ದವಸ, ಚಿಲ್ಲರೆ ಕಾಸು ತೂರುವುದೂ ಉಂಟು. ಹತ್ತಿರ ನಿಂತರೆ ಕಿಡಿ, ನೂಕುನುಗ್ಗಲು ಎರಡೂ ತಪ್ಪಿದ್ದಲ್ಲ. ಮಕ್ಕಳಿದ್ದರೆ ದೂರದಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ನೋಡಲೇಬೇಕಾದ ರಾತ್ರಿ, ನಿಜ. ಆದರೆ ತಮಟೆ, ಕೂಗು, ಜನಸಂದಣಿಯ ನಡುವೆ ತಂಬೂರಿಯ ದನಿ ಕಿವಿಗೆ ಬೀಳುವುದು ಕಷ್ಟ. ಹಾಡೇ ಬೇಕೆಂದರೆ ಎರಡನೆಯ ಮತ್ತು ಮೂರನೆಯ ರಾತ್ರಿ ಇಟ್ಟುಕೊಳ್ಳಿ.

ಒಳ್ಳೆಯ ಮೇಳವನ್ನು ಗುರುತಿಸುವುದು ಹೇಗೆ? ಮುಖ್ಯ ಹಾಡುಗಾರ ಹೆಗಲಿಗೆ ತಂಬೂರಿ ಆನಿಸಿಕೊಂಡು ಒಂದು ಕೈಯಲ್ಲಿ ತಂತಿ ಮೀಟುತ್ತಾನೆ, ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾನೆ. ಗಗ್ಗರವೆಂದರೆ ಒಳಗೆ ಹರಳು ತುಂಬಿದ ಪೊಳ್ಳು ಲೋಹದ ಬಳೆ. ಹಿಮ್ಮೇಳದಲ್ಲಿ ಡಕ್ಕೆ ಎಂಬ ಚರ್ಮವಾದ್ಯ, ತಾಳ, ಜೊತೆಗೆ ಸೊಲ್ಲು ಎತ್ತಿಕೊಳ್ಳುವ ಎರಡು ಮೂರು ಗಂಟಲು. ಹಾಡು, ಮಾತು, ಮತ್ತೆ ಹಾಡು, ಹೀಗೆ ಕತೆ ಸಾಗುತ್ತದೆ. ಮಾತಿನ ಭಾಗದಲ್ಲಿ ಹಿಮ್ಮೇಳದವರ ಹೂಂಗುಟ್ಟುವಿಕೆಗೆ ಕಿವಿಗೊಡಿ. ಕತೆ ಅವರಿಗೆ ಮೈಗೂಡಿದ್ದರೆ ಹೂಂಕಾರ ಒಂದೊಂದು ಸಲ ಒಂದೊಂದು ರೀತಿ ಇರುತ್ತದೆ: ಒಮ್ಮೆ ಒಪ್ಪಿಗೆ, ಒಮ್ಮೆ ಬೆರಗು, ಒಮ್ಮೆ ‘ಆಮೇಲೆ?’ ಎಂಬ ಕೆಣಕು. ಕೂಲಿಗೆ ಕೂತವರ ಹೂಂ ಎಲ್ಲ ಕಡೆ ಒಂದೇ ಅಳತೆ. ಇನ್ನೊಂದು ಗುರುತು ಶ್ರುತಿ. ರಾತ್ರಿ ಚಳಿ ಏರಿದಂತೆ ತಂತಿ ಬಿಗಿದು ಶ್ರುತಿ ಮೇಲೇರುತ್ತದೆ, ಬೆಂಕಿ ಹತ್ತಿರ ಕೂತರೆ ಸಡಿಲಿ ಇಳಿಯುತ್ತದೆ. ನುರಿತವರು ಮಾತಿನ ಭಾಗದಲ್ಲೇ, ಕತೆ ತಡೆಯದೆ, ಬಿರಟೆ ತಿರುವಿ ಸರಿಮಾಡಿಕೊಳ್ಳುತ್ತಾರೆ.

ಇಡೀ ಮಂಟೇಸ್ವಾಮಿ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಕತೆಯ ಒಂದೊಂದು ಭಾಗಕ್ಕೂ ಇವರು ‘ಸಾಲು’ ಎನ್ನುತ್ತಾರೆ. ಯಾವ ಸಾಲು ನಡೆಯುತ್ತಿದೆ ಎಂದು ಪಕ್ಕದವರನ್ನು ಮೆಲ್ಲಗೆ ಕೇಳಿ, ಸಂತೋಷದಿಂದ ಹೇಳುತ್ತಾರೆ. ಮೊದಲ ಸಲ ಕೇಳುವವರಿಗೆ ಹಲಗೂರಿನ ಸಾಲು ಒಳ್ಳೆಯದು: ಹುಟ್ಟಿನಿಂದ ಕೆಂಪಾಚಾರಿಯಾಗಿದ್ದ ಸಿದ್ದಪ್ಪಾಜಿ, ಗುರುವಿನ ಅಪ್ಪಣೆಯಂತೆ ಹಲಗೂರಿನ ಕಬ್ಬಿಣ ಕೆಲಸದ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಬೇಡಲು ಹೋಗಿ ಪಡುವ ಪಾಡು, ಗೆಲ್ಲುವ ಬಗೆ. ಜಗಳ, ಪವಾಡ, ನಗೆ ಎಲ್ಲ ಅದರಲ್ಲಿವೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮೇಲೆ ಬಂದವರು ಆ ಹಲಗೂರನ್ನು ದಾಟಿಕೊಂಡೇ ಬಂದಿರುತ್ತಾರೆ.

ಈಗ ಕೊರತೆಗಳು. ದೊಡ್ಡದು ಧ್ವನಿವರ್ಧಕ. ಪಕ್ಕಪಕ್ಕದ ಬಿಡಾರಗಳಲ್ಲಿ ಎರಡು ಸ್ಪೀಕರ್ ಕೂಗತೊಡಗಿದರೆ ಮೊದಲು ಸಾಯುವುದು ತಂಬೂರಿಯ ನಾದ, ಆಮೇಲೆ ಮಾತು. ಉಳಿಯುವುದು ತಾಳದ ಬಡಿತ ಮಾತ್ರ. ಮೈಕಿಗೆ ಹೊಂದಲೆಂದು ಹಾಡುಗಾರರೂ ಗಂಟಲು ಏರಿಸುತ್ತಾರೆ, ನಡುರಾತ್ರಿಗೆ ದನಿ ಒಡೆದಿರುತ್ತದೆ. ಹಾಗಾಗಿ ಗದ್ದುಗೆ ಮತ್ತು ಅಂಗಡಿ ಸಾಲಿನಿಂದ ದೂರ, ಬಯಲಿನ ಅಂಚಿನ ಬಿಡಾರಗಳ ಕಡೆ ನಡೆಯಿರಿ. ಹಳಬರು ಮೈಕಿಲ್ಲದೆ ಕೂತಿರುವುದು ಅಲ್ಲೇ ಹೆಚ್ಚು.

ಮೊಬೈಲಿನಲ್ಲಿ ಹಾಡು ಹಿಡಿದುಕೊಳ್ಳುವ ಆಸೆಯಿದ್ದರೆ ಮೊದಲು ಬಿಡಾರದ ಹಿರಿಯರನ್ನೂ ಹಾಡುಗಾರರನ್ನೂ ಕೇಳಿ. ಫೋನನ್ನು ತಾಳದವನಿಂದ ಆದಷ್ಟು ದೂರ, ತಂಬೂರಿಯ ಬುರುಡೆಯ ಕಡೆಗೆ ಇಡಿ. ತಾಳ ಹತ್ತಿರವಿದ್ದರೆ ಪ್ರತಿ ಹೊಡೆತಕ್ಕೂ ಫೋನು ತಾನಾಗಿ ದನಿ ತಗ್ಗಿಸಿ, ಮಾತು ನುಂಗಿಹೋಗುತ್ತದೆ. ಕಾಣಿಕೆಯನ್ನು ಮೇಳದ ಮುಂದೆಯೇ ಇಡಿ, ದಲ್ಲಾಳಿ ಕೈಗಲ್ಲ. ಚಪ್ಪಲಿ ಹೊರಗೆ ಬಿಟ್ಟು ನೆಲಕ್ಕೆ ಕೂತರೆ ಯಾರೂ ಯಾವ ಜಾತಿ, ಯಾವ ಊರು ಎಂದು ತಡೆಯುವುದಿಲ್ಲ. ಉಣ್ಣಲು ಕರೆದರೆ ಬೇಡವೆನ್ನದಿರುವುದೇ ಮರ್ಯಾದೆ. ಪಂಕ್ತಿಸೇವೆಯ ತಿರುಳೇ ಒಟ್ಟಿಗೆ ಕೂತು ಉಣ್ಣುವುದು. ಅಂದಿನ ಮಾಂಸದಡುಗೆಯ ಸುತ್ತ ಪ್ರಾಣಿಬಲಿ ನಿಷೇಧದ ವಿವಾದವಿದೆ. ಇದು ದೇವರಿಗೆ ಕೊಡುವ ಬಲಿಯಲ್ಲ, ಸಹಪಂಕ್ತಿಯ ಊಟ ಎಂಬುದು ಒಕ್ಕಲಿನವರ ವಾದ. ಆ ದಿನ ದಾರಿಯಲ್ಲಿ ವಾಹನ ತಪಾಸಣೆ ಇರಬಹುದು, ಸಮಯ ಇಟ್ಟುಕೊಂಡು ಹೊರಡಿ.

ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದು ಅಲ್ಲಿಂದ ಹಿಡಿಯುವುದು ಸಲೀಸು. ಚಂದ್ರಮಂಡಲ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ರಸ್ತೆ ಕಟ್ಟಿಕೊಳ್ಳುತ್ತದೆ. ಬೆಳಕು ಹರಿಯುವ ತನಕ ಕೂತಿದ್ದು ಹೊರಟರೆ ಹಾಡೂ ಸಿಗುತ್ತದೆ, ಸೀಟೂ ಸಿಗುತ್ತದೆ. ದಪ್ಪ ಕಂಬಳಿ, ಕೂರಲು ಚಾಪೆ, ಟಾರ್ಚು, ಒಬ್ಬರಿಗೆ ಎರಡು ಮೂರು ಲೀಟರ್ ಕುಡಿಯುವ ನೀರು ಜೊತೆಗಿರಲಿ. ಶೌಚಕ್ಕೆ ಇರುವ ವ್ಯವಸ್ಥೆ ಇಷ್ಟು ಜನಕ್ಕೆ ಸಾಲದು, ಹೆಂಗಸರಿಗೆ ಇದು ನಿಜಕ್ಕೂ ಕಷ್ಟ. ಇಷ್ಟು ವರ್ಷದ ಜಾತ್ರೆಗೆ ಇದಕ್ಕೆ ಕ್ಷಮೆಯಿಲ್ಲ.

ಜನವರಿ ತಪ್ಪಿಹೋದವರಿಗೆ ಕಪ್ಪಡಿ ಇದೆ. ಕೆ.ಆರ್. ನಗರದ ಕಡೆ, ಕಾವೇರಿ ದಡದಲ್ಲಿರುವ, ಮಂಟೇಸ್ವಾಮಿಯ ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯ ಗದ್ದುಗೆಯ ಜಾತ್ರೆ ಅದು, ಶಿವರಾತ್ರಿಗೆ ಶುರುವಾಗುತ್ತದೆ. ಒಂದೇ ಪರಂಪರೆಯ ನೀಲಗಾರರು ಅಲ್ಲಿಗೂ ಬರುತ್ತಾರೆ.