ಒತ್ತಿದ ಮೇಲೆ ಬರುವ ವಿಡಿಯೋ: ಪಾಠದ ಪುಟದಲ್ಲಿ ನನ್ನ ಅನುಭವ

ಹತ್ತನೇ ತರಗತಿ ಮಕ್ಕಳಿಗೆ ವಿಜ್ಞಾನದ ವಿಡಿಯೋಗಳನ್ನು ಪಾಠಕ್ಕೊಂದು ಪುಟದಂತೆ ಜೋಡಿಸಿ ಕೊಡುತ್ತೇನೆ. ಬೆಳಕಿನ ಪ್ರತಿಫಲನ, ವಕ್ರೀಭವನದ ಪುಟ ಒಂದರಲ್ಲೇ ಹತ್ತಕ್ಕೂ ಜಾಸ್ತಿ ವಿಡಿಯೋ ಇವೆ. ವಿಡಿಯೋವನ್ನು ಪುಟದೊಳಗೇ ಕೂರಿಸಲು ಯೂಟ್ಯೂಬ್ ಕೊಡುವ ಎಂಬೆಡ್ ಕೋಡನ್ನು ಹಾಗೇ ಅಂಟಿಸಿದರೆ ಆ ಪುಟ ಬೇಗ ತೆರೆಯುವುದೇ ಇಲ್ಲ. ಯಾರೂ ಪ್ಲೇ ಒತ್ತುವ ಮೊದಲೇ ಪ್ಲೇಯರ್ ಓಡಿಸುವ ಸ್ಕ್ರಿಪ್ಟ್, ಅಂದರೆ ಕೋಡ್, ಅರ್ಧ ಎಂಬಿಗಿಂತ ಜಾಸ್ತಿ ಇಳಿಯಬೇಕು. ಒಮ್ಮೆ ಇಳಿದದ್ದನ್ನು ಬ್ರೌಸರ್ ಇಟ್ಟುಕೊಳ್ಳುತ್ತದೆ ನಿಜ. ಆದರೆ ಒಂದೊಂದು ಪ್ಲೇಯರ್‌ಗೂ ಅದನ್ನು ಹೊಸದಾಗಿ ಓಡಿಸಬೇಕು, ಕಡಿಮೆ ಬೆಲೆಯ ಫೋನು ಅಲ್ಲೇ ಒದ್ದಾಡುತ್ತದೆ. ನಮ್ಮ ಮಕ್ಕಳ ಕೈಗೆ ಸಿಗುವುದು ಸಂಜೆ ಅಪ್ಪ ಮನೆಗೆ ಬಂದ ಮೇಲೆ, ಅಪ್ಪನ ಫೋನು. ಮಲೆನಾಡಿನ ಒಳ ಊರುಗಳಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ.

ಹಾಗಾಗಿ ಮೊದಲು ಬರೀ ಚಿತ್ರ ತೋರಿಸಿ, ಒತ್ತಿದ ಮೇಲಷ್ಟೇ ಪ್ಲೇಯರ್ ತರುವ ವಿಧಾನಕ್ಕೆ ಬಂದೆ, ಅದಕ್ಕೊಂದು ಸ್ಕ್ರಿಪ್ಟ್ ಹಾಕಿದೆ. ಅವತ್ತೇ ವ್ಯತ್ಯಾಸ ಕಂಡಿತು. ಪುಟ ತಕ್ಷಣ ತೆರೆಯಿತು, ಸ್ಕ್ರೋಲ್ ಮಾಡಿದರೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ತುಂಬಾ ಖುಷಿಯಾಯಿತು.

ಆ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. "ಮೇಡಂ, ಒತ್ತಿದ್ರೂ ಓಡ್ತಿಲ್ಲ" ಅಂತ ಮಕ್ಕಳು ಹೇಳತೊಡಗಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇತ್ತು. ಫೋನಿನಲ್ಲಿ ಮಾತ್ರ ಮೊದಲ ಸಲ ಒತ್ತಿದರೆ ಪ್ಲೇಯರ್ ಬರುತ್ತಿತ್ತು, ವಿಡಿಯೋ ಶುರುವಾಗಲು ಮತ್ತೊಮ್ಮೆ ಒತ್ತಬೇಕಿತ್ತು. ಸದ್ದಿರುವ ವಿಡಿಯೋ ತಾನಾಗಿ ಶುರುವಾಗುವುದನ್ನು ಫೋನಿನ ಬ್ರೌಸರ್‌ಗಳು ತಡೆಯುತ್ತವೆ. ಮಗು ಒತ್ತಿದ್ದು ನಮ್ಮ ಪುಟದ ಚಿತ್ರವನ್ನು, ಆಮೇಲೆ ಬಂದ ಪ್ಲೇಯರ್ ಬೇರೆ ತಾಣದ್ದು. ಅದರ ಪಾಲಿಗೆ ಯಾರೂ ಏನೂ ಒತ್ತಿಯೇ ಇಲ್ಲ. ನೆಟ್ ನಿಧಾನ ಇದ್ದರಂತೂ ಮೊದಲ ಸಲ ಒತ್ತಿ, ಸ್ವಲ್ಪ ಕಾದು, ವಿಡಿಯೋ ಕೆಟ್ಟಿದೆ ಅಂದುಕೊಂಡು ಮಕ್ಕಳು ಮುಂದಿನದಕ್ಕೆ ಹೋಗಿಬಿಡುತ್ತಿದ್ದರು. ಪುಟ ಎಷ್ಟು ಬೇಗ ತೆರೆದರೂ ಪಾಠ ನೋಡಲು ಆಗದಿದ್ದರೆ ಏನು ಬಂತು? ಆ ಸ್ಕ್ರಿಪ್ಟಿನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಕೊನೆಗೆ ಅದನ್ನು ತೆಗೆದು, ಪಾಲ್ ಐರಿಶ್ ಅನ್ನುವ ವೆಬ್ ಡೆವಲಪರ್ ಇದೇ ಕೆಲಸಕ್ಕೆ ಬರೆದ ಲೈಟ್-ಯೂಟ್ಯೂಬ್-ಎಂಬೆಡ್ ಹಾಕಿದೆ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಉಚಿತವಾಗಿ ಸಿಗುತ್ತದೆ. ತಿಂಗಳ ಬಾಡಿಗೆಯ ಪ್ಲಗಿನ್‌ಗೆಲ್ಲ ನನ್ನ ಹತ್ತಿರ ದುಡ್ಡಿಲ್ಲ, ಹಾಗಾಗಿ ಇದು ನನಗೆ ದೊಡ್ಡ ವಿಷಯ. ನೋಡುತ್ತಿರುವುದು ಫೋನು ಅಂತ ಗೊತ್ತಾದರೆ ಇದು ಬರೀ ಐಫ್ರೇಮ್ (ಬೇರೆ ತಾಣವನ್ನು ನಮ್ಮ ಪುಟದೊಳಗೆ ತೋರಿಸುವ ಚೌಕಟ್ಟು) ತಂದು ಸುಮ್ಮನಾಗುವುದಿಲ್ಲ. ಪ್ಲೇಯರ್‌ಗೆ ಹೊರಗಿನಿಂದ ಆದೇಶ ಕೊಡಲು ಬೇಕಾದ ಯೂಟ್ಯೂಬಿನ ಕೋಡ್, ಅಂದರೆ ಪ್ಲೇಯರ್ ಎಪಿಐಯನ್ನೂ ತಂದು, ಶುರು ಮಾಡು ಅಂತ ಅದಕ್ಕೆ ಆದೇಶ ಕೊಡುತ್ತದೆ. ಮಕ್ಕಳ ದೂರು ನಿಂತಿತು. ಆದರೂ ಎಪಿಐ ಇಳಿಯುವ ತನಕ ಕಾಯಬೇಕು. ಲ್ಯಾಪ್‌ಟಾಪಿನಲ್ಲಿ ಮೌಸ್ ಚಿತ್ರದ ಮೇಲೆ ಬಂದಾಗಲೇ ಇದು ಯೂಟ್ಯೂಬ್ ಸರ್ವರ್ ಜೊತೆ ಸಂಪರ್ಕ ತೆರೆದು ಇಡುತ್ತದೆ. ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ಒತ್ತಿದ ಕೂಡಲೇ "ಬರ್ತಾ ಇದೆ, ಸ್ವಲ್ಪ ತಡೀರಿ" ಅಂತ ಕಾಣುವ ಹಾಗೆ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ತಿದ್ದುವ ಕೋಡ್) ಒಂದು ಸಾಲು ಸೇರಿಸಿದ್ದೇನೆ. ಈಗ ಮಕ್ಕಳು ಕಾಯುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ಕೆಲಸ ಅಂದರೆ ಥಂಬ್‌ನೇಲ್, ಅಂದರೆ ಒತ್ತುವ ಮೊದಲು ಕಾಣುವ ಚಿತ್ರ, ಮಾಡುವುದು. ಈ ವಿಧಾನದಲ್ಲಿ ನಮ್ಮದೇ ಚಿತ್ರ ಹಾಕಬಹುದು. ಭಾನುವಾರ ರಾತ್ರಿ ಊಟ ಆದ ಮೇಲೆ ಕೂರುತ್ತೇನೆ. ತರಗತಿಯಲ್ಲಿ ಹಲಗೆ ಮೇಲೆ ಬರೆದ ಕಿರಣ ಚಿತ್ರದ ಫೋಟೋ ತೆಗೆದಿಟ್ಟಿರುತ್ತೇನೆ. ಅದನ್ನು ಕತ್ತರಿಸಿ, "ನಿಮ್ನ ದರ್ಪಣ, ಭಾಗ 2" ಅಂತ ದಪ್ಪ ಅಕ್ಷರದಲ್ಲಿ ಬರೆದು, ವೆಬ್‌ಪಿ ಅನ್ನುವ ಹಗುರ ಚಿತ್ರ ಫೈಲ್ ಮಾಡಿ ಚಿಕ್ಕದಾಗಿಸುತ್ತೇನೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಆ ಹಲಗೆ ಚಿತ್ರ ನೋಡಿಯೇ ತಮಗೆ ಬೇಕಾದ ಭಾಗ ಹುಡುಕುತ್ತಾರೆ. ಇದರಿಂದ ಇನ್ನೊಂದು ಲಾಭವೂ ಇದೆ. ಚಿತ್ರ ನಮ್ಮ ಸರ್ವರ್‌ನಿಂದಲೇ ಬರುವುದರಿಂದ ಮಗು ವಿಡಿಯೋ ಕಡೆ ಬೆರಳು ಇಡುವ ತನಕ ಈ ಭಾಗದಿಂದ ಯೂಟ್ಯೂಬಿಗೆ ಯಾವ ಕೋರಿಕೆಯೂ ಹೋಗುವುದಿಲ್ಲ. ಮಕ್ಕಳ ಪುಟದಲ್ಲಿ ಇದು ಮುಖ್ಯ ಅಲ್ವಾ?

ಐಫ್ರೇಮ್‌ಗೆ "ಲೋಡಿಂಗ್=ಲೇಜಿ" ಅಂತ ಹಾಕಿ, ಸ್ಕ್ರೋಲ್ ಮಾಡುತ್ತಾ ಹತ್ತಿರ ಬಂದಾಗ ಮಾತ್ರ ಲೋಡ್ ಆಗುವಂತೆ ಮಾಡಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. 2023ರ ಕೊನೆಗೆ ಫೈರ್‌ಫಾಕ್ಸ್ ಕೂಡ ಅದನ್ನು ಸೇರಿಸಿಕೊಂಡಿತು, ಈಗ ಎಲ್ಲ ದೊಡ್ಡ ಬ್ರೌಸರ್‌ಗಳಲ್ಲೂ ನಡೆಯುತ್ತದೆ. ಪುಟದ ಕೊನೆಯಲ್ಲಿ ಒಂದೇ ವಿಡಿಯೋ ಇದ್ದರೆ ಅಷ್ಟು ಸಾಕು, ಸ್ಕ್ರಿಪ್ಟಿನ ಗೋಜಿಗೆ ಹೋಗಬೇಡಿ. ನನ್ನ ಪುಟಕ್ಕೆ ಅದು ಆಗಿಬರುವುದಿಲ್ಲ. ಕೊನೆಯ ಪಾಠ ಬೇಕಾದ ಹುಡುಗ ಮೇಲಿನಿಂದ ಕೆಳಗಿನ ತನಕ ಸ್ಕ್ರೋಲ್ ಮಾಡಿಕೊಂಡು ಬರುತ್ತಾನೆ. ದಾರಿಯಲ್ಲಿ ಸಿಕ್ಕ ಪ್ಲೇಯರ್‌ಗಳೆಲ್ಲ ಒಂದೊಂದಾಗಿ ಲೋಡ್ ಆಗುತ್ತಾ ಹೋಗುತ್ತವೆ, ಅವನಿಗೆ ಬೇಕಾದದ್ದು ಮಾತ್ರ ಕೊನೆಗೆ ಬರುತ್ತದೆ.