ಕರ್ಕ್ಯುಮಿನ್ ಕ್ಯಾಪ್ಸೂಲ್: ಮಾಲಿಗೆ 4 ಅಂಕ, ‘ಜೀನ್ ರಕ್ಷಣೆ’ಗೆ 1

ಬೆಳಗಾವಿಯ ಖಡೇಬಜಾರ್ ಸುತ್ತಿನ ಔಷಧಿ ಅಂಗಡಿಗಳಲ್ಲಿ ಸಿಗುವ ಈ ಅರಿಶಿನ ಸಾರದ ಡಬ್ಬಿಯ ಮೇಲೆ ‘ಜೀನ್‌ಗಳಿಗೆ ರಕ್ಷಣೆ’ ಎಂದು ದೊಡ್ಡದಾಗಿ ಅಚ್ಚಾಗಿದೆ. ಓದಬೇಕಾದ್ದು ಹಿಂಬದಿಯ ಸಣ್ಣ ಅಕ್ಷರ: ಸಾರ 500 ಮಿಲಿಗ್ರಾಂ, ಕರ್ಕ್ಯುಮಿನಾಯ್ಡ್ (ಕರ್ಕ್ಯುಮಿನ್ ಮತ್ತು ಅದರ ಬಳಗ, ಅರಿಶಿನದ ಹಳದಿ ಅಂಶ) ಶೇ. 95, ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ 5 ಮಿಲಿಗ್ರಾಂ. ಅಂದರೆ ಒಂದು ಕ್ಯಾಪ್ಸೂಲಿನಲ್ಲಿ 475 ಮಿಲಿಗ್ರಾಂ ಕರ್ಕ್ಯುಮಿನಾಯ್ಡ್. ಮನೆಯ ಅರಿಶಿನ ಪುಡಿಯಲ್ಲಿ ಇದು ಶೇ. 3ರ ಆಸುಪಾಸು, ಇಷ್ಟು ಸಿಗಲು ಸುಮಾರು 16 ಗ್ರಾಂ ಪುಡಿ ಬೇಕು. ಅಗ್ಗದ ಡಬ್ಬಿಯ ಮೇಲೆ ಬರೀ ‘ಅರಿಶಿನ 500 ಮಿಲಿಗ್ರಾಂ’ ಎಂದಿದ್ದರೆ ಒಳಗಿರುವುದು ಅದೇ ಪುಡಿ, ಕರ್ಕ್ಯುಮಿನ್ 15 ಮಿಲಿಗ್ರಾಂ ಮಾತ್ರ. ಅದಕ್ಕಿಂತ ತೇರದಾಳದ ಅರಿಶಿನ ಕೊಂಡು ಗಿರಣಿಗೆ ಹಾಕಿಸುವುದು ಲೇಸು.

ಕ್ಯಾಪ್ಸೂಲ್ ಬಿಚ್ಚಿ ತಣ್ಣೀರಿನ ಲೋಟಕ್ಕೆ ಸುರಿದು ನೋಡಿ. ಕಿತ್ತಳೆ ಛಾಯೆಯ ಪುಡಿ ಗಂಟುಗಂಟಾಗಿ ಮೇಲೆ ತೇಲುತ್ತದೆ, ನೀರು ಅಷ್ಟಾಗಿ ಬಣ್ಣ ತಿರುಗುವುದಿಲ್ಲ. ಕೂಡಲೇ ನೀರೆಲ್ಲ ಗಾಢ ಹಳದಿಯಾದರೆ ಬಣ್ಣ ಬೆರೆಸಿರಬಹುದು. (ನೀರಿಗೆ ಸೇರುವಂತೆ ಸಂಸ್ಕರಿಸಿದ ದುಬಾರಿ ಮಾಲಿಗೆ ಈ ಪರೀಕ್ಷೆ ಹೊಂದದು.) ನೀರಿಗೆ ಸೇರದ್ದನ್ನು ಕರುಳೂ ಸರಿಯಾಗಿ ಹೀರುವುದಿಲ್ಲ, ಪೈಪರಿನ್ ಹಾಕಿರುವುದು ಅದಕ್ಕೇ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟಾಯಿತು. ಇಲ್ಲಿಯ ಬೆರಕೆಯೂ ಹೆಚ್ಚುಕಡಿಮೆ ಅದೇ ಅಳತೆಯದು. ಎಣ್ಣೆ-ತುಪ್ಪದ ಊಟದ ಜೊತೆ ನುಂಗಿ.

ಇನ್ನು ಜೀನ್ ಮಾತು. ಇದನ್ನು ಪರೀಕ್ಷಿಸಲು ಪ್ರಯೋಗಾಲಯದಲ್ಲಿ ಬಿಳಿ ಇಲಿಗಳಿಗೆ ಕೆಲವು ದಿನ ಸಾರ ಕುಡಿಸಿ, ಡಿಎನ್‌ಎ ಕೆಡಿಸುವ ಸೈಕ್ಲೋಫಾಸ್ಫಮೈಡ್ ಚುಚ್ಚುತ್ತಾರೆ. ಸುಮಾರು 24 ಗಂಟೆ ಬಿಟ್ಟು ತೊಡೆಮೂಳೆಯ ಮಜ್ಜೆ ತೆಗೆದು, ಬಣ್ಣ ಹಾಕಿ, ಎಳೆಯ ಕೆಂಪುಕಣಗಳಲ್ಲಿ ಚುಕ್ಕೆಯಂತೆ ಉಳಿದ ವರ್ಣತಂತುವಿನ ಚೂರುಗಳನ್ನು ಎಣಿಸುತ್ತಾರೆ. ಇವೇ ಮೈಕ್ರೋನ್ಯೂಕ್ಲಿಯಸ್. ಸಾರ ಕುಡಿದ ಇಲಿಗಳಲ್ಲಿ ಅವು ಕಡಿಮೆ ಕಂಡರೆ ‘ರಕ್ಷಣೆ’. ಅರಿಶಿನ, ನೆಲ್ಲಿಕಾಯಿ ಎರಡೂ ಇಂಥ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಕೊಟ್ಟಿವೆ. ಆದರೆ ಇಲಿಯ ಮಜ್ಜೆಯ ಒಂದು ದಿನದ ಲೆಕ್ಕದಿಂದ ಮನುಷ್ಯರಿಗೆ ಕ್ಯಾನ್ಸರ್ ಬಾರದೆಂದು ಹೇಳಲಾಗದು. ಫಿನ್‌ಲೆಂಡ್‌ನಲ್ಲಿ ಧೂಮಪಾನಿಗಳಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ (ಗಜ್ಜರಿಯ ಕಿತ್ತಳೆ ಅಂಶ, ಇದೂ ಕ್ಯಾನ್ಸರ್ ತಡೆದೀತೆಂಬ ನಿರೀಕ್ಷೆಯಿತ್ತು) ಕೊಟ್ಟ ಪ್ರಯೋಗದ ಫಲ 1994ರಲ್ಲಿ ಬಂದಾಗ, ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಆಗಿತ್ತು. ನಿಪ್ಪಾಣಿ ತಂಬಾಕು ಜಗಿಯುತ್ತಲೇ ಈ ಕ್ಯಾಪ್ಸೂಲ್ ನುಂಗಿ ನಿಶ್ಚಿಂತೆಯಿಂದ ಇರುವವರು ಇದನ್ನು ಗಮನಿಸಲೇಬೇಕು.

ಅದಕ್ಕಿಂತ ದೊಡ್ಡ ಆತಂಕ ಬೇರೆ. ಸೈಕ್ಲೋಫಾಸ್ಫಮೈಡ್ ಸ್ತನ ಕ್ಯಾನ್ಸರಿಗೆ ಕೊಡುವ ಕೀಮೋ ಔಷಧವೂ ಹೌದು. ಗಡ್ಡೆಯ ಡಿಎನ್‌ಎ ಕೆಡಿಸುವುದೇ ಅದರ ಕೆಲಸ. 2002ರ ಒಂದು ಅಧ್ಯಯನದಲ್ಲಿ ಕರ್ಕ್ಯುಮಿನ್ ತಿಂದ ಇಲಿಗಳಲ್ಲಿ ಈ ಔಷಧದಿಂದ ಗಡ್ಡೆ ಕುಗ್ಗುವುದು ಕಡಿಮೆಯಾಯಿತು. ಕೀಮೋ ನಡೆದಿರುವವರಿಗೆ ಮನೆಯವರು ಪ್ರೀತಿಯಿಂದ ತಂದುಕೊಡುವ ಡಬ್ಬಿಯಿದು; ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಅಡ್ಡಿಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್ ನುಂಗುವವರೂ ಮೊದಲು ಕೇಳಬೇಕು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ (ಯಕೃತ್ತಿಗೆ ಪೆಟ್ಟಾಗಿರಬಹುದು) ಅಂದೇ ನಿಲ್ಲಿಸಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.